ಆಯಿಯನ್ನು ರಕಿಉರಾದ ಹಟ್‌ಗೆ ಒಂದು ರಾತ್ರಿ ಕರೆದುಕೊಂಡು ಹೋಗಬಹುದಾ?

ಕಾನಿನ ಹಾದಿ:
ಎಲ್ಲರಿಗೂ ನಮಸ್ಕಾರ. ನಾವು ನ್ಯೂಜಿಲೆಂಡಿನ ಡನೀಡಿನ್‌ನಲ್ಲಿದ್ದೇವೆ. ಶಿರಸಿ ಕಡೆಯ ನಮ್ಮೂರಿಂದ ಆಯಿ ಮೂರು ತಿಂಗಳಿಗೆ ಬಂದಿದ್ದಾಳೆ. ವಯಸ್ಸು 64. ಕ್ವೀನ್ಸ್‌ಟೌನ್ ತೋರಿಸಿದೆವು, ಸರೋವರ ತೋರಿಸಿದೆವು, ಅಂಗಡಿ ಬೀದಿ ತೋರಿಸಿದೆವು. ಎಲ್ಲ ಚೆನ್ನಾಗಿದೆ ಅಂದಳು. ಮೊನ್ನೆ ಊಟ ಮಾಡುವಾಗ ಕೇಳಿದಳು: "ಕಾಡನ್ನು ಕಾರಿನ ಕಿಟಕಿಯಿಂದ ನೋಡಿದ್ದಾಯ್ತು. ಒಳಗೆ ಒಂದು ರಾತ್ರಿ ಇರೋದಕ್ಕೆ ಆಗೋದಿಲ್ವಾ?"

ನಾನು ಇಲ್ಲಿ ಹಗಲು ನಡಿಗೆ ಬೇಕಾದಷ್ಟು ಮಾಡಿದ್ದೇನೆ. ಹಟ್‌ನಲ್ಲಿ, ಅಂದರೆ ಕಾಡು ದಾರಿಯ ತಂಗುಮನೆಯಲ್ಲಿ, ಒಂದು ರಾತ್ರಿಯೂ ಉಳಿದಿಲ್ಲ. ಸ್ಟೀವರ್ಟ್ ದ್ವೀಪದ (ರಕಿಉರಾ ಅನ್ನುವುದೂ ಅದೇ ದ್ವೀಪದ ಹೆಸರು) ರಕಿಉರಾ ಟ್ರ್ಯಾಕ್‌ನಲ್ಲಿ ಮೊದಲ ಹಟ್, ಪೋರ್ಟ್ ವಿಲಿಯಂವರೆಗೆ ಮಾತ್ರ ಹೋಗಿ, ಒಂದು ರಾತ್ರಿ ಇದ್ದು, ಅದೇ ದಾರಿಯಲ್ಲಿ ವಾಪಸ್ ಬರುವ ಯೋಚನೆ. ಆಯಿ ಊರಲ್ಲಿ ದಿನಾ ಸೊಪ್ಪಿನ ಬೆಟ್ಟಕ್ಕೆ ಹೋಗಿ ಬರುವವಳು. ಹತ್ತುವುದು ಕಷ್ಟವಿಲ್ಲ. ಇಳಿಯುವಾಗ ಬಲ ಮಂಡಿ ಸ್ವಲ್ಪ ನೋಯುತ್ತದೆ. ಅವಳ ಪ್ರಶ್ನೆ ನಾಲ್ಕು: ಹಾವು ಇದೆಯಾ, ಉಂಬಳ ಇದೆಯಾ, ಪಾಯಿಖಾನೆ ಹೇಗೆ, ಗುರುತಿಲ್ಲದವರ ಜೊತೆ ಒಂದೇ ಕೋಣೆಯಲ್ಲಿ ಮಲಗಬೇಕಾ. ಹೋಗಿ ಬಂದವರು ದಯವಿಟ್ಟು ಹೇಳಿ. ಫೆಬ್ರವರಿಯಲ್ಲಿ ಹೋಗೋಣ ಅಂತ.

ದಕ್ಷಿಣ ತುದಿ:
ಅಕ್ಕಾ, ಕಣ್ಣು ಮುಚ್ಚಿ ಹೂಂ ಅನ್ನುತ್ತೇನೆ. ನಾನು ಇನ್ವರ್‌ಕಾರ್ಗಿಲ್‌ನಲ್ಲಿದ್ದೇನೆ, ಆ ದಾರಿಯಲ್ಲಿ ನಾಲ್ಕು ಸಲ ನಡೆದಿದ್ದೇನೆ. ಪೂರ್ತಿ ಸುತ್ತು 32 ಕಿಲೋಮೀಟರ್, ಮೂರು ದಿನ. ಆದರೆ ದಾರಿ ಶುರುವಾಗುವ ಲೀ ಬೇ ಇಂದ ಪೋರ್ಟ್ ವಿಲಿಯಂ ಹಟ್‌ಗೆ 8 ಕಿಲೋಮೀಟರ್ ಅಷ್ಟೇ. ಬೋರ್ಡಿನಲ್ಲಿ 3ರಿಂದ 4 ಗಂಟೆ ಅಂತ ಬರೆದಿರುತ್ತಾರೆ. ನೀವು ಆರು ಗಂಟೆ ಇಟ್ಟುಕೊಳ್ಳಿ. ಫೆಬ್ರವರಿಯಲ್ಲಿ ರಾತ್ರಿ ಒಂಬತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಅವಸರವೇ ಇಲ್ಲ.

ಒಂದು ಮಾತು. ಈಚೆ ದಡದ ಬ್ಲಫ್ ಬಂದರಿನಿಂದ ದೋಣಿಯಲ್ಲಿ ಬಂದು ಇಳಿದ ದಿನವೇ ನಡೆಯಬೇಡಿ. ದ್ವೀಪದ ಊರು ಓಬನ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಓಬನ್‌ನಿಂದ ಲೀ ಬೇಗೆ 5 ಕಿಲೋಮೀಟರ್ ರಸ್ತೆ ಇದೆ. ಅದನ್ನು ನಡೆದು ಸುಮ್ನೆ ಕಾಲು ದಣಿಸಬೇಡಿ, ಗಾಡಿ ಹೇಳಿ.

ಹಾವು ಇಲ್ಲ. ನ್ಯೂಜಿಲೆಂಡಿನ ನೆಲದಲ್ಲಿ ಎಲ್ಲೂ ಹಾವಿಲ್ಲ, ಧೈರ್ಯವಾಗಿ ಹೇಳಿ. ನಮ್ಮೂರ ಮಳೆಗಾಲದ ಹಾಗೆ ಕಾಲಿಗೆ ಹತ್ತುವ ಉಂಬಳ ಕೂಡ ಆ ದಾರಿಯಲ್ಲಿ ನಾನು ಕಂಡಿಲ್ಲ. ಇರುವುದು ಸ್ಯಾಂಡ್‌ಫ್ಲೈ. ಮರಳ ದಂಡೆಯಲ್ಲಿ ನಿಂತರೆ ಮುತ್ತುತ್ತದೆ, ಕಚ್ಚಿದರೆ ಎರಡು ದಿನ ತುರಿಕೆ. ನಡೆಯುತ್ತಿದ್ದರೆ ಅಷ್ಟು ತೊಂದರೆ ಇಲ್ಲ, ಕತ್ತಲಾದ ಮೇಲೆ ಇಲ್ಲವೇ ಇಲ್ಲ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಪ್ಯಾಂಟ್, ಅಷ್ಟು ಸಾಕು.

ಹಳೇ ಬೂಟು:
ಬೇಜಾರಾಗಬೇಡಿ, ನಾನು ಬೇರೆ ಮಾತು ಹೇಳುತ್ತೇನೆ. ಬ್ಲಫ್‌ಗೂ ದ್ವೀಪಕ್ಕೂ ನಡುವಿನ ಫೋವೋ ಜಲಸಂಧಿ ದಾಟುವುದು ಒಂದು ಗಂಟೆಯೇ ಇರಬಹುದು. ಆದರೆ ಗಾಳಿ ಎದ್ದ ದಿನ ಆ ಒಂದು ಗಂಟೆ ಬಹಳ ಉದ್ದ. ನಮ್ಮ ಅತ್ತೆಯವರು ವಾಂತಿ ಮಾಡಿ ಸುಸ್ತಾಗಿ ಮಾರನೇ ದಿನವೂ ಏಳಲಿಲ್ಲ. ಆ ದ್ವೀಪದಲ್ಲಿ ಮಳೆಯೂ ಜಾಸ್ತಿ, ಕೆಸರೂ ಜಾಸ್ತಿ.

ಮೊದಲ ಸಲಕ್ಕೆ ಏಬಲ್ ಟಾಸ್ಮನ್ ಟ್ರ್ಯಾಕ್ ಯಾಕಾಗಬಾರದು? ಮಾರಹೌ ಇಂದ ಆಂಕರೇಜ್ ಹಟ್‌ಗೆ 12.4 ಕಿಲೋಮೀಟರ್, ದಾರಿ ರಸ್ತೆಯಷ್ಟು ನುಣುಪು. ಸುಸ್ತಾದರೆ ವಾಟರ್ ಟ್ಯಾಕ್ಸಿ ಬಂದು ಮರಳ ದಂಡೆಯಿಂದಲೇ ಹತ್ತಿಸಿಕೊಂಡು ಹೋಗುತ್ತದೆ. ಅಲ್ಲೂ ಕರಾವಳಿಯ ಕಾಡೇ, ಹೊಂಬಣ್ಣದ ಮರಳು, ಬಿಸಿಲು. ವಯಸ್ಸಾದವರಿಗೆ ಅದು ಕ್ಷೇಮ ಅಂತ ನನ್ನ ಅಭಿಪ್ರಾಯ.

ದಕ್ಷಿಣ ತುದಿ:
ಡನೀಡಿನ್‌ನಿಂದ ಏಬಲ್ ಟಾಸ್ಮನ್ ಅಂದರೆ ದಕ್ಷಿಣ ದ್ವೀಪದ ಆ ತುದಿ. ಕಾರಿನಲ್ಲಿ ಎರಡು ದಿನ ಕೂತು ಬಂದ ಮಂಡಿ ನಡೆಯುವುದಕ್ಕೆ ಒಪ್ಪುತ್ತದಾ? ಬ್ಲಫ್ ಇವರಿಗೆ ಮೂರು ಗಂಟೆ ದಾರಿ.

ನಿಧಾನಿ:
ನಾನು ನೆಲ್ಸನ್ ಕಡೆಯವನು. ಏಬಲ್ ಟಾಸ್ಮನ್ ನಮ್ಮ ಹಿತ್ತಲು ಇದ್ದ ಹಾಗೆ. ಎರಡೂ ಕಡೆ ನಡೆದಿದ್ದೇನೆ. ಹಳೇ ಬೂಟು ಅವರು ಹೇಳಿದ್ದು ಸರಿ, ದೋಣಿಯ ಆಸರೆ ದೊಡ್ಡದು. ಆದರೆ ಅಲ್ಲಿ ಉಬ್ಬರ ಇಳಿತದ ಲೆಕ್ಕ ಗೊತ್ತಿರಬೇಕು. ಟೊರೆಂಟ್ ಬೇ ನೀರು ಇಳಿದಾಗ ಅಡ್ಡ ದಾಟಬಹುದು, ಇಲ್ಲದಿದ್ದರೆ ಸುತ್ತು ದಾರಿ ಇದೆ. ಮುಂದೆ ಅವರೋವಾಕ್ಕೆ ಹೋದರೆ ಸುತ್ತು ದಾರಿಯೂ ಇಲ್ಲ, ನೀರು ಇಳಿಯುವವರೆಗೆ ಕಾಯಲೇಬೇಕು.

ಈಗ ನನ್ನ ಪ್ರಶ್ನೆ. ನಿಮ್ಮ ಆಯಿ ಏನು ಕೇಳಿದರು? ಸಮುದ್ರ ಕೇಳಿದರಾ, ಕಾಡು ಕೇಳಿದರಾ? ಕಾಡಿನೊಳಗೆ ಇರಬೇಕು ಅಂದರು ಅಲ್ವಾ. ಏಬಲ್ ಟಾಸ್ಮನ್‌ನಲ್ಲಿ ಬೇಸಿಗೆಯಲ್ಲಿ ಜನ, ದೋಣಿ, ಕಯಾಕ್ ತುಂಬಾ. ರಕಿಉರಾದಲ್ಲಿ ಕಾಡು ಸೀದಾ ಉಪ್ಪುನೀರಿಗೆ ಬಗ್ಗಿ ನಿಂತಿದೆ. ಕಾನಿನಲ್ಲಿ ಬೆಳೆದ ಹೆಂಗಸಿಗೆ ಯಾವುದು ಹಿಡಿಸುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಕ್ಷೇಮ ಬೇಕು, ನಿಜ. ಆದರೆ ಹಿರಿಯರು ಬಾಯಿಬಿಟ್ಟು ಒಂದು ಆಸೆ ಹೇಳುವುದೇ ಅಪರೂಪ. ಅದಕ್ಕೆ ಹತ್ತಿರದ್ದನ್ನು ಕೊಟ್ಟು ಸಮಾಧಾನ ಮಾಡಬೇಡಿ. ಅದನ್ನೇ ಕೊಡಿ, ತಯಾರಿ ಚೆನ್ನಾಗಿ ಮಾಡಿ.

ಹಳೇ ಬೂಟು:
ಒಪ್ಪಿದೆ ಸರ್. ಹಾಗಾದರೆ ತಯಾರಿಗೆ ನನ್ನ ಪಾಲು. ಪಿಎಲ್‌ಬಿ, ಅಂದರೆ ತುರ್ತು ಬೀಕನ್, ಬಾಡಿಗೆಗೆ ತೆಗೆದುಕೊಳ್ಳಿ. ಓಬನ್ ದಾಟಿದ ಮೇಲೆ ಮೊಬೈಲ್ ನಂಬಬೇಡಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ವಾಪಸ್ ಅಂತ ಒಬ್ಬರಿಗೆ ಬರೆದು ಕೊಟ್ಟು ಹೋಗಿ. ಎರಡು ಕೋಲು ಬೇಕೇ ಬೇಕು, ಇಳಿಜಾರಿನಲ್ಲಿ ಮಂಡಿಯ ಭಾರ ಸ್ವಲ್ಪ ಕೈಗೆ ಬರುತ್ತದೆ. ಕೊಡೆ ಬೇಡ, ಒಳ್ಳೆ ಮಳೆ ಕೋಟು. ಒಳಗೆ ಉಣ್ಣೆ ಬಟ್ಟೆ. ಹತ್ತಿ ಸೀರೆ, ಹತ್ತಿ ಬನಿಯನ್ ಒದ್ದೆಯಾದರೆ ಒಣಗುವುದಿಲ್ಲ, ಮೈ ಚಳಿ ಹಿಡಿಯುತ್ತದೆ. ಇದನ್ನು ಆಯಿಯವರಿಗೆ ಬಿಡಿಸಿ ಹೇಳಿ.

ಬುತ್ತಿ ಗಂಟು:
ಊಟದ ವಿಷಯ ನನಗೆ ಬಿಡಿ. ರಕಿಉರಾದ ಹಟ್‌ಗಳಲ್ಲಿ ಅಡುಗೆಗೆ ಗ್ಯಾಸ್ ಒಲೆ ಇಲ್ಲ. ಮೈ ಬೆಚ್ಚಗೆ ಮಾಡಿಕೊಳ್ಳುವುದಕ್ಕೆ ಕಟ್ಟಿಗೆ ಒಲೆ ಮಾತ್ರ. ಚಿಕ್ಕ ಸ್ಟೌವ್, ಪಾತ್ರೆ, ಲೋಟ ನೀವೇ ಹೊರಬೇಕು. ಗ್ಯಾಸ್ ಡಬ್ಬಿ ಓಬನ್‌ನಲ್ಲೇ ಕೊಳ್ಳಿ. ನೀರು ಮಳೆನೀರಿನ ತೊಟ್ಟಿಯದು, ಕುದಿಸಿ ಕುಡಿಯಿರಿ. ದೀಪ ಇಲ್ಲ, ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೆ ಒಂದು.

ಅಕ್ಕಿ ಒಯ್ಯಬೇಡಿ. ಗೊಜ್ಜವಲಕ್ಕಿ ಪುಡಿ ಮಾಡಿ ಡಬ್ಬಿಗೆ ತುಂಬಿ. ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಊಟ. ಮೊದಲ ದಿನಕ್ಕೆ ಚಪಾತಿ, ಚಟ್ನಿಪುಡಿ. ಬೆಳಿಗ್ಗೆಗೆ ಹುರಿದ ರವೆ, ಒಗ್ಗರಣೆ ಸಾಮಾನು ಮೊದಲೇ ಬೆರೆಸಿದ್ದು. ದಾರಿಯಲ್ಲಿ ಕಡಲೆ, ಬೆಲ್ಲ. ಬೆಲ್ಲದ ಚೂರು ಜೇಬಿನಲ್ಲಿರಲಿ, ಸುಸ್ತಾದಾಗ ಅದರಷ್ಟು ಬೇಗ ಕೈ ಹಿಡಿಯುವುದು ಬೇರೆ ಇಲ್ಲ. ಕಸ ಒಂದು ಚೂರೂ ಅಲ್ಲಿ ಬಿಡುವಂತಿಲ್ಲ. ಬಾಳೆಹಣ್ಣಿನ ಸಿಪ್ಪೆಯೂ ವಾಪಸ್ ಬರಬೇಕು.

ಕಾನಿನ ಹಾದಿ:
ಎಷ್ಟು ಉಪಕಾರ ಮಾಡಿದಿರಿ! ಬುಕಿಂಗ್ ಬೇಕಾ? ನನ್ನ ಹತ್ತಿರ ಹಟ್‌ಗಳಲ್ಲಿ ಉಳಿಯುವ ಬ್ಯಾಕ್‌ಕಂಟ್ರಿ ಪಾಸ್ ಇದೆ. ಮತ್ತೆ ಮಲಗುವ ವಿಷಯ ಯಾರೂ ಹೇಳಲಿಲ್ಲ. ಆಯಿಗೆ ಅದೇ ದೊಡ್ಡ ಚಿಂತೆ.

ನಿಧಾನಿ:
ಪಾಸ್ ಅಲ್ಲಿ ನಡೆಯುವುದಿಲ್ಲ. ಆ ದಾರಿ ಗ್ರೇಟ್ ವಾಕ್, ಅಂದರೆ ದೇಶದ ಹೆಸರಾಂತ ನಡಿಗೆ ದಾರಿಗಳಲ್ಲಿ ಒಂದು, ವರ್ಷವಿಡೀ ಮೊದಲೇ ಬುಕ್ ಮಾಡಬೇಕು. ಹಟ್‌ನಲ್ಲಿ ಇರುವುದು 24 ಹಾಸಿಗೆ.

ಮಲಗುವ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಮ್ಮವರು ಹಟ್‌ಗೆ ಹೋಗದೇ ಇರುವುದು ಬಹಳ ಸಲ ಇದೇ ಕಾರಣಕ್ಕೆ. ಈ ದೇಶದಲ್ಲಿ ಸಂರಕ್ಷಣಾ ಇಲಾಖೆ, ಎಲ್ಲರೂ ಡಾಕ್ ಅನ್ನುತ್ತಾರಲ್ಲ, ಅದು 950ಕ್ಕೂ ಹೆಚ್ಚು ಹಟ್‌ಗಳನ್ನು ನೋಡಿಕೊಳ್ಳುತ್ತದೆ. ಕೆಲವು ನಾಲ್ಕು ಜನರ ತಗಡಿನ ಗೂಡು. ಪೋರ್ಟ್ ವಿಲಿಯಂನಂಥದ್ದು ದೊಡ್ಡದು. ಗಂಡಸರು ಹೆಂಗಸರು ಅಂತ ಬೇರೆ ಕೋಣೆ ಇಲ್ಲ. ಸಾಲು ಅಟ್ಟ, ಮೇಲೊಂದು ಕೆಳಗೊಂದು. ಹಾಸಿಗೆ ಇರುತ್ತದೆ, ಹೊದೆಯುವ ಚೀಲ ನಿಮ್ಮದು. ನಮ್ಮೂರ ಮದುವೆ ಮನೆಯ ಜಗುಲಿಯಲ್ಲಿ ಎಲ್ಲರೂ ಸಾಲಾಗಿ ಮಲಗುತ್ತಿದ್ದೆವು ನೋಡಿ, ಹಾಗೆ. ಆಯಿಗೆ ಹಾಗೇ ಹೇಳಿ, ಅರ್ಥವಾಗುತ್ತದೆ. ಕೆಳಗಿನ ಅಟ್ಟದ ಗೋಡೆ ಪಕ್ಕದ ಜಾಗ ಅವರಿಗೆ, ಮಧ್ಯೆ ನೀವು.

ನಡವಳಿಕೆ ಬಗ್ಗೆ. ಬೂಟು ಹೊರಗೇ ಬಿಡಿ. ಬಂದ ತಕ್ಷಣ ಹಟ್ ಪುಸ್ತಕದಲ್ಲಿ ಹೆಸರು, ಮುಂದೆ ಹೋಗುವ ದಾರಿ ಬರೆಯಿರಿ. ಯಾರಾದರೂ ತಪ್ಪಿಸಿಕೊಂಡರೆ ಹುಡುಕುವವರು ಮೊದಲು ನೋಡುವುದು ಅದನ್ನೇ. ಒಲೆ ಮುಂದಿನ ಜಾಗ ಎಲ್ಲರದು, ನಮ್ಮ ಕಾಲುಚೀಲವೇ ಬಟ್ಟೆ ಒಣಹಾಕುವ ಇಡೀ ಹಗ್ಗ ತುಂಬಬಾರದು. ಕತ್ತಲಾದ ಮೇಲೆ ಮಾತು ಮೆಲ್ಲಗೆ. ಬೆಳಿಗ್ಗೆ ಬೇಗ ಏಳುವವರು ಚೀಲವನ್ನು ಹೊರಗೆ ಒಯ್ದು ಕಟ್ಟಿಕೊಳ್ಳಿ, ಪ್ಲಾಸ್ಟಿಕ್ ಪರಪರ ಸದ್ದು ಮಲಗಿದವರಿಗೆ ಬಹಳ ಹಿಂಸೆ. ಹೊರಡುವ ಮುಂಚೆ ಕಸ ಗುಡಿಸಿ, ನೀವು ಸುಟ್ಟಷ್ಟು ಕಟ್ಟಿಗೆ ಒಳಗೆ ತಂದು ಜೋಡಿಸಿ. ಮುಂದೆ ಬರುವವರು ನೆನೆದು ನಡುಗುತ್ತಾ ಬರಬಹುದು.

ಪಾಯಿಖಾನೆ ಹೊರಗೆ, ಗುಂಡಿಯದು. ಫ್ಲಶ್ ಇಲ್ಲ. ಒಂದು ಬಾಟಲಿ ನೀರು ಕೈಯಲ್ಲಿ ಒಯ್ದರೆ ಆಯಿತು.

ದಕ್ಷಿಣ ತುದಿ:
ಇನ್ನೊಂದು. ದೋಣಿ ಹತ್ತುವ ಮುಂಚೆ ಬೂಟು ಉಜ್ಜಿ, ಚೀಲ ಪೂರ್ತಿ ಬಿಚ್ಚಿ ನೋಡಿ. ಬೀಜ, ಮಣ್ಣು, ಇಲಿ ಏನೂ ದ್ವೀಪಕ್ಕೆ ದಾಟಬಾರದು. ದೊಡ್ಡ ದ್ವೀಪಗಳಲ್ಲಿ ಕಿವಿ ಅನ್ನುವ ಹಾರಲಾರದ ಹಕ್ಕಿಯ ಮರಿಗಳನ್ನು ತಿಂದು ಮುಗಿಸಿದ್ದು ಸ್ಟೋಟ್ ಅನ್ನುವ ಮುಂಗುಸಿಯಂಥ ಪ್ರಾಣಿ. ರಕಿಉರಾದಲ್ಲಿ ಅದು ಇಲ್ಲ. ಬೆಕ್ಕು, ಇಲಿ, ಪಾಸಮ್ ಇದ್ದರೂ ಸ್ಟೋಟ್ ಇಲ್ಲದ್ದಕ್ಕೇ ಟೊಕೊಎಕ ಜಾತಿಯ ಕಿವಿ ಅಲ್ಲಿ ಸಾವಿರಾರು ಉಳಿದಿವೆ. ದ್ವೀಪದ ಜನ ಸುಮಾರು 400. ಕಿವಿಗಳದ್ದೇ ಊರು ಅದು. ರಾತ್ರಿ ಹೊರಗೆ ಬಂದರೆ ಕೆಂಪು ಬೆಳಕು ಮಾತ್ರ ಹಾಕಿ, ಎದುರಿಗೆ ಬಂದರೆ ಅಲುಗಾಡದೆ ನಿಲ್ಲಿ.

ಕಾನಿನ ಹಾದಿ:
ಹೋಗಿ ಬಂದೆವು! ನಿಮ್ಮೆಲ್ಲರಿಗೂ ಋಣಿ. ನಡೆದದ್ದನ್ನು ಬರೆಯುತ್ತೇನೆ, ಮುಂದೆ ಹೋಗುವವರಿಗೆ ಉಪಯೋಗವಾಗಲಿ.

ದೋಣಿಯಲ್ಲಿ ಅಲೆ ಇತ್ತು. ಆಯಿ ಒಣಶುಂಠಿ ಬಾಯಲ್ಲಿಟ್ಟುಕೊಂಡು ದಿಗಂತ ನೋಡುತ್ತಾ ಕೂತಳು, ಏನೂ ಆಗಲಿಲ್ಲ. ನನಗೇ ಹೊಟ್ಟೆ ತೊಳೆಸಿತು. ಓಬನ್‌ನಲ್ಲಿ ಸಂಜೆ ಮನೆ ಜಗಲಿಗೆ ಕಂದುಬಣ್ಣದ ದೊಡ್ಡ ಗಿಳಿ ಬಂತು. ಅದರ ಹೆಸರು ಕಾಕಾ ಅಂದೆ. "ಕಾಕ ಅಂದ್ರೆ ಕಾಗೆ ಅಲ್ವನೇ?" ಅಂದಳು. ಆ ದಿನವೆಲ್ಲ ಅದನ್ನೇ ಹೇಳಿಕೊಂಡು ನಕ್ಕಳು.

ಮಾರನೇ ದಿನ ಒಂಬತ್ತಕ್ಕೆ ಲೀ ಬೇ. ದಾರಿ ಶುರುವಾಗುವ ಕಡೆ ಮನುಷ್ಯನಿಗಿಂತ ಎತ್ತರದ ಕಬ್ಬಿಣದ ಸರಪಳಿ ನೀರಿಗಿಳಿದಂತೆ ನಿಲ್ಲಿಸಿದ್ದಾರೆ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಕಥೆಯಲ್ಲಿ ದಕ್ಷಿಣ ದ್ವೀಪ ಅವರ ಪುರಾಣವೀರ ಮಾವುಯಿಯ ದೋಣಿ, ಈ ದ್ವೀಪ ಅದರ ಲಂಗರಿನ ಕಲ್ಲು. ತೆ ಪುಂಗ ಒ ತೆ ವಾಕ ಅ ಮಾವುಯಿ ಅನ್ನುವ ಹೆಸರಿನ ಅರ್ಥವೇ ಅದು. ಸರಪಳಿಯ ಇನ್ನೊಂದು ತುದಿ ಬ್ಲಫ್‌ನಲ್ಲಿದೆ. ಆಯಿ ಸರಪಳಿ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟಳು.

8 ಕಿಲೋಮೀಟರಿಗೆ ಐದೂವರೆ ಗಂಟೆ ತೆಗೆದುಕೊಂಡೆವು. ಕಾಲು ನಿಧಾನವಾಗಿದ್ದಕ್ಕಲ್ಲ. ಪ್ರತಿ ಜರಿಗಿಡದ ಮುಂದೆ ಅವಳು ನಿಲ್ಲುತ್ತಿದ್ದಳು. ತೆಂಗಿನ ಸಸಿಯಷ್ಟು ಎತ್ತರದ ಜರಿ ನಮ್ಮ ಘಟ್ಟದಲ್ಲೂ ಹಳ್ಳದ ಬದಿ ಇದೆಯಲ್ಲ, ಇಲ್ಲಿ ದಾರಿಯುದ್ದಕ್ಕೂ ಅದೇ. ಮೇಲೆ ಜೋತುಬಿದ್ದ ರೆಂಬೆಯ ರಿಮು, ಕಾಮಹಿ, ಅಲ್ಲಲ್ಲಿ ರಾಟಾ ಮರಗಳು. ಪೀವಾಕವಾಕ ಅನ್ನುವ ಬೀಸಣಿಗೆ ಬಾಲದ ಪುಟ್ಟ ಹಕ್ಕಿ ನಮ್ಮ ಹಿಂದೆಯೇ ಬಂತು. ನಾವು ನಡೆದಾಗ ಏಳುವ ಹುಳ ಅದಕ್ಕೆ ಊಟ. ಗದ್ದೆ ಹೂಡುವಾಗ ಬೆಳ್ಳಕ್ಕಿ ಎತ್ತಿನ ಹಿಂದೆ ಬರೋ ಹಾಗೆ ಅಂದಳು ಆಯಿ.

ಒಂದು ಕಡೆ ಕಪ್ಪು ಬಳ್ಳಿ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿತ್ತು. ಇಂಗ್ಲಿಷಿನಲ್ಲಿ ಸಪಲ್‌ಜ್ಯಾಕ್, ಮಾವೊರಿಯಲ್ಲಿ ಕರೆಆವೊ. ಆಯಿ ಬಗ್ಗಿಸಿ ನೋಡಿ, "ಬೆತ್ತದ ಹಾಗೇ ಇದೆ, ಬುಟ್ಟಿ ಹೆಣೆಯಬಹುದು" ಅಂದಳು. ಮನೆಗೆ ಬಂದು ಓದಿದೆ. ಮಾವೊರಿಗಳು ಹಾವುಮೀನು ಹಿಡಿಯುವ ಬುಟ್ಟಿಗಳನ್ನು ಈ ಬಳ್ಳಿಯಿಂದಲೇ ಹೆಣೆಯುತ್ತಿದ್ದರು. ಒಂದು ಸಲ ಮುಟ್ಟಿ ಅವಳಿಗೆ ಗೊತ್ತಾಗಿದ್ದು ನನಗೆ ಆರು ವರ್ಷದಲ್ಲಿ ಗೊತ್ತಾಗಿರಲಿಲ್ಲ.

ಮಾವೊರಿ ಬೀಚ್‌ನಲ್ಲಿ ಚಪಾತಿ ತಿಂದೆವು. ಅಲ್ಲಿ ಮರಗಳ ನಡುವೆ ತುಕ್ಕು ಹಿಡಿದ ದೊಡ್ಡ ಬಾಯ್ಲರ್ ಬಿದ್ದಿದೆ. 1913ರಲ್ಲಿ ಇಲ್ಲಿ ಮರದ ಮಿಲ್ ಶುರುವಾಯಿತು. 1931ಕ್ಕೆ ಎಲ್ಲ ನಿಂತಿತು. ಆಗ ಇಲ್ಲಿ ಊರಿತ್ತು, ಶಾಲೆ ಇತ್ತು. ಈಗ ಒಂದು ಗೋಡೆಯೂ ಇಲ್ಲ. ಆಯಿ ಸುತ್ತಲಿನ ಮರ ನೋಡಿ, "ಕಡಿದು ಇನ್ನೂ ನೂರು ವರ್ಷ ಆಗಿಲ್ಲ. ಬಿಟ್ಟರೆ ಕಾಡು ಹೇಗೆ ಏಳ್ತದೆ ನೋಡು" ಅಂದಳು. ಊರಲ್ಲಿ ಬೋಳಾದ ಬೆಟ್ಟಗಳ ನೆನಪಾಗಿರಬೇಕು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ದಂಡೆಯ ಕೊನೆಗೆ ತೂಗುಸೇತುವೆ. ನಾನು ಎರಡೂ ಕೈಯಲ್ಲಿ ಹಗ್ಗ ಹಿಡಿದೆ. ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕ ದಾಟಿ ಶಾಲೆಗೆ ಹೋದವಳಿಗೆ ಅದೇನು ದೊಡ್ಡದು? ನನಗಿಂತ ಮುಂಚೆ ಆಚೆ ದಡದಲ್ಲಿದ್ದಳು. ಅದರ ನಂತರದ ಗುಡ್ಡದ ಇಳಿಜಾರಿನಲ್ಲಿ ಮಾತ್ರ ಮಂಡಿ ನೋಯಿತು. ಹಳೇ ಬೂಟು ಅವರೇ, ನಿಮ್ಮ ಎರಡು ಕೋಲಿನ ಮಾತು ನಮ್ಮನ್ನು ಕಾಪಾಡಿತು. ಮೂರು ಸಲ ಮಳೆ ಬಂದು ಹೋಯಿತು.

ಪೋರ್ಟ್ ವಿಲಿಯಂ ಮುಟ್ಟಿದಾಗ ಆಯಿ ಮೂಗು ಎತ್ತಿ, "ನೀಲಗಿರಿ ವಾಸನೆ" ಅಂದಳು. ನಿಜ, ಹಟ್ ಹತ್ತಿರ ದೈತ್ಯ ನೀಲಗಿರಿ ಮರಗಳಿವೆ. 1870ರ ದಶಕದಲ್ಲಿ ಸರ್ಕಾರ ಶೆಟ್ಲೆಂಡ್ ದ್ವೀಪಗಳ ಜನರನ್ನು ಇಲ್ಲಿ ತಂದು ನೆಲೆಸಿತ್ತು. ಮಳೆ, ಒಂಟಿತನ ತಡೆಯಲಾರದೆ ಅವರು ಬೇಗನೆ ಬಿಟ್ಟು ಹೋದರು. ಉಳಿದದ್ದು ಆ ಮರಗಳು. ನಮ್ಮ ಗುಡ್ಡಗಳಿಗೆ ಬಂದ ಮರವೇ ಭೂಮಿಯ ಈ ತುದಿಗೂ ಬಂದದ್ದು ನೋಡಿ ಅವಳಿಗೆ ಅಚ್ಚರಿ.

ಹಟ್‌ನಲ್ಲಿ ನಮಗಿಂತ ಮುಂಚೆ ಬಂದ ಐದು ಜನ ಹುಡುಗರು ಒದ್ದೆ ಕಟ್ಟಿಗೆಯಲ್ಲಿ ಒಲೆ ಹಚ್ಚಲು ಒದ್ದಾಡುತ್ತಿದ್ದರು. ಬರೀ ಹೊಗೆ. ಆಯಿ ಸುಮ್ಮನೆ ಎದ್ದು ಹೋಗಿ ಎಲ್ಲ ಹೊರಗೆ ತೆಗೆದಳು. ಒಂದು ಕೊರಡನ್ನು ಸೀಳಿ ಒಳಗಿನ ಒಣ ಭಾಗವನ್ನು ಕಡ್ಡಿಯಷ್ಟು ತೆಳ್ಳಗೆ ಮಾಡಿಸಿದಳು. ಗೂಡಿನ ಹಾಗೆ ಜೋಡಿಸಿ ಒಂದೇ ಕಡ್ಡಿ ಗೀರಿದಳು. ಐವತ್ತು ವರ್ಷ ಬಚ್ಚಲ ಒಲೆ ಹಚ್ಚಿದ ಕೈ ಅದು. ಅವಳಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಅರ್ಧ ಗಂಟೆಯಲ್ಲಿ ಎಲ್ಲರೂ ಅವಳ ಸುತ್ತ ಗೊಜ್ಜವಲಕ್ಕಿ ತಿನ್ನುತ್ತಾ ಕೂತಿದ್ದರು. ಗುರುತಿಲ್ಲದವರ ಜೊತೆ ಮಲಗುವ ಚಿಂತೆ ಅವಳಿಗೆ ಆಮೇಲೆ ನೆನಪೇ ಆಗಲಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಹೊರಗೆ ಬಂದೆವು. ಮೋಡ ಸರಿದಿತ್ತು. ಈ ದ್ವೀಪಕ್ಕೆ 2019ರಲ್ಲಿ ಕತ್ತಲಿನ ಆಕಾಶದ ಅಭಯಧಾಮ ಅನ್ನುವ ಮಾನ್ಯತೆ ಸಿಕ್ಕಿದೆ, ಯಾಕೆ ಅಂತ ಆಗ ಗೊತ್ತಾಯಿತು. ಆಕಾಶಗಂಗೆ ನೀರಿನಲ್ಲೂ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆಯಿಂದ ಸೀಟಿಯ ಹಾಗೆ ಏರುತ್ತಾ ಏರುತ್ತಾ ಹೋಗುವ ಕೂಗು, ಅದಕ್ಕೆ ಉತ್ತರವಾಗಿ ಒಡೆದ ಗಂಟಲಿನ ಇನ್ನೊಂದು. ಗಂಡು ಕಿವಿ, ಹೆಣ್ಣು ಕಿವಿ. ಆಯಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಕಣ್ಣಿಗೆ ಕಾಣಲಿಲ್ಲ. ಬೆಳಿಗ್ಗೆ ಮರಳಿನಲ್ಲಿ ಹೆಜ್ಜೆ ಇತ್ತು, ಮೂರು ಬೆರಳು, ಪಕ್ಕದಲ್ಲಿ ಕೊಕ್ಕು ಚುಚ್ಚಿದ ತೂತುಗಳ ಸಾಲು. ಕಡಲಪಾಚಿಯ ಕೆಳಗಿನ ಹುಳ ಹುಡುಕಿತ್ತು. ನಾವು ಮಲಗಿದ್ದ ಜಾಗದಿಂದ ಮೂವತ್ತು ಹೆಜ್ಜೆಯೂ ಇಲ್ಲ.

ನಾವು ಮಾಡಿದ ಒಂದು ತಪ್ಪು ಹೇಳಲೇಬೇಕು. ಬುತ್ತಿ ಗಂಟು ಅವರು ಬೇಡ ಅಂದರೂ ಬೆಳಗಿನ ಗಂಜಿಗೆ ಅಂತ ಅಕ್ಕಿ ಒಯ್ದಿದ್ದೆ. ಗ್ಯಾಸ್ ಅರ್ಧ ಅದಕ್ಕೇ ಹೋಯಿತು. ಒಯ್ಯಬೇಡಿ.

ಬುತ್ತಿ ಗಂಟು:
ಓದಿ ಕಣ್ಣು ತುಂಬಿತು. ಗೊಜ್ಜವಲಕ್ಕಿ ಅಷ್ಟು ಜನಕ್ಕೆ ಸಾಕಾಯ್ತಾ?

ಕಾನಿನ ಹಾದಿ:
ಆಯಿ ಯಾವಾಗಲೂ ಎರಡು ಹಿಡಿ ಜಾಸ್ತಿ ಹಾಕುವವಳು. ಸಾಕಾಯಿತು.

ಮಳೆಬಿಲ್ಲು:
ಅಕ್ಕಾ, ನಮ್ಮ ಅಪ್ಪ ಏಪ್ರಿಲ್‌ನಲ್ಲಿ ತೀರ್ಥಹಳ್ಳಿಯಿಂದ ಬರುತ್ತಿದ್ದಾರೆ. 70 ವರ್ಷ. ಇದನ್ನು ಓದಿ ಕೇಳಿಸಿದೆ, ಹೋಗಲೇಬೇಕು ಅನ್ನುತ್ತಿದ್ದಾರೆ. ಏಪ್ರಿಲ್ ಆಗುತ್ತದಾ?

ದಕ್ಷಿಣ ತುದಿ:
ಆಗುತ್ತದೆ. ಹಗಲು ಚಿಕ್ಕದು, ಚಳಿ ಸ್ವಲ್ಪ ಜಾಸ್ತಿ, ಜನ ಕಡಿಮೆ. ಏಪ್ರಿಲ್‌ನಲ್ಲಿ ಸಂಜೆ ಆರರ ಹೊತ್ತಿಗೆ ಕತ್ತಲಾಗುತ್ತಾ ಬರುತ್ತದೆ, ಹಾಗಾಗಿ ಲೀ ಬೇ ಇಂದ ಎಂಟಕ್ಕೇ ಹೊರಡಿ. ಸ್ಯಾಂಡ್‌ಫ್ಲೈ ಕಾಟವೂ ಕಡಿಮೆ.

ಮಳೆಬಿಲ್ಲು:
ಕಾಲಿಗೆ ಏನು ಹಾಕಿಸಿದಿರಿ? ಇಲ್ಲಿ ಬೂಟಿನ ಬೆಲೆ ನೋಡಿ ಹೆದರಿದ್ದೇನೆ.

ಕಾನಿನ ಹಾದಿ:
ಬೂಟು ಕೊಳ್ಳಲಿಲ್ಲ. ಆಯಿ ಗಂಬೂಟ್ ಹಾಕಿದಳು, ಒಳಗೆ ಎರಡು ಜೊತೆ ಉಣ್ಣೆ ಕಾಲುಚೀಲ. ಓಬನ್‌ನಲ್ಲಿ ಅರ್ಧ ಊರೇ ಗಂಬೂಟ್‌ನಲ್ಲಿ ಓಡಾಡುತ್ತದೆ. ಒಂದು ವಾರ ಮೊದಲೇ ಹಾಕಿಸಿ ಮನೆ ಸುತ್ತ ನಡೆಸಿ, ಹಿಮ್ಮಡಿ ಉಜ್ಜುತ್ತದಾ ನೋಡಿ. ಮರದ ಹಲಗೆ ಹಾಕಿದ ಜಾಗ ಒದ್ದೆಯಿದ್ದರೆ ಜಾರುತ್ತದೆ, ಅಲ್ಲಿ ಕೈ ಹಿಡಿಯಿರಿ. ನಮ್ಮ ಕೋಲುಗಳು ಮನೆಯಲ್ಲೇ ಇವೆ. ಡನೀಡಿನ್ ಮೇಲೆ ಹೋಗುವುದಾದರೆ ಬಂದು ತೆಗೆದುಕೊಂಡು ಹೋಗಿ.